ಸಿನಿಮಾದೊಳಗೆ ಇರೋ ಜನ ಆ ಸಿನಿಮಾ ನೋಡಿದ್ರಾ? ರಷ್ಯಾದ ಸ್ವತಂತ್ರ ಡಾಕ್ಯುಮೆಂಟರಿಗಳ ಬಗ್ಗೆ ಮಾತಾಡೋಣ

ರೀಲುಡಬ್ಬಿ:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿರೋ ವಿಷ್ಯ, ಇವತ್ತು ಬರ್ದೇಬಿಡ್ತೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನಮ್ಮನೇಲಿ ಅಪ್ಪ ತಂದಿಟ್ಟಿದ್ದ ಸೋವಿಯತ್ ಪುಸ್ತಕಗಳು ಒಂದು ಬೀರು ತುಂಬ ಇದ್ವು, ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚಾಗಿ ನವಕರ್ನಾಟಕದೋರ ಮಳಿಗೇಲಿ ಅಗ್ಗಕ್ಕೆ ಸಿಗ್ತಿದ್ವಲ್ಲ ಅವೇ. ಆ ಪುಸ್ತಕದಲ್ಲಿ ಎಲ್ರೂ ಗಟ್ಟಿಮುಟ್ಟಾಗಿ ನಗ್ತಾ ಇರೋರು, ಟ್ರ್ಯಾಕ್ಟರ್ ಮೇಲೆ ಒಬ್ಬ, ಕಾರ್ಖಾನೆ ಗೇಟಲ್ಲಿ ಒಬ್ಬಳು. ನಂಗೆ ರಷ್ಯಾ ಅಂದ್ರೆ ಎಷ್ಟೋ ವರ್ಷ ಅಷ್ಟೇ ಆಗಿತ್ತು. ಆಮೇಲೆ ಸೆರ್ಗೇಯ್ ದ್ವೋರ್ತ್ಸೆವೊಯ್ ಅವ್ರ "ಹ್ಲೇಬ್ನಿ ದೆನ್" ನೋಡ್ದೆ, ಅಂದ್ರೆ ಬ್ರೆಡ್ ಬರೋ ದಿನ ಅಂತ. 1998ರದ್ದು, ಒಂದು ಗಂಟೆನೂ ಇಲ್ಲ. ಹೋದ ವಾರ ಮೂರನೇ ಸಲ ನೋಡ್ದೆ.

ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಒಂದು ಹಳೇ ಕಾರ್ಮಿಕರ ಕಾಲೋನಿ. ದುಡಿಯೋ ವಯಸ್ಸಿನೋರೆಲ್ಲ ಹೊರಟೋಗಿದಾರೆ, ಉಳಿದಿರೋದು ಪಿಂಚಣಿ ಮೇಲಿರೋ ಕೆಲವೇ ಮುದುಕರು, ಒಂದಷ್ಟು ಆಡು, ನಾಯಿ. ವಾರಕ್ಕೊಂದ್ಸಲ ಊರಿಗೆ ಬ್ರೆಡ್ ತುಂಬಿದ ರೈಲು ಡಬ್ಬಿ ಬರುತ್ತೆ, ಆದ್ರೆ ಇಂಜಿನ್ ಊರ ತನಕ ಬರಲ್ಲ, ದೂರದಲ್ಲೇ ಕಳಚಿ ಬಿಟ್ಟು ಹೋಗುತ್ತೆ. ಅಲ್ಲಿಂದ ಊರಿಗೆ ಆ ಮುದುಕರೇ ಎರಡು ಗಂಟೆ ತಳ್ಕೊಂಡು ತರ್ಬೇಕು, ಹಿಮ ಬಿದ್ದಿರೋ ಹಳಿ ಮೇಲೆ. ಸಿನಿಮಾ ಶುರುವಾಗೋದೇ ಈ ತಳ್ಳೋದ್ರಿಂದ. ಎಡಿಟಿಂಗಿನ ಒಂದು ಕಟ್ ಕೂಡ ಇಲ್ಲ. ದಪ್ಪ ಕೋಟು ಹಾಕಿರೋ ಬೆನ್ನುಗಳು, ಡಬ್ಬಿಗೆ ಒತ್ತಿರೋ ಭುಜ, ಮಧ್ಯದಲ್ಲಿ ಯಾರೋ ನಿಂತು ಉಸಿರು ಎಳ್ಕೊಳ್ಳೋದು, ಮತ್ತೆ ತಳ್ಳೋದು. ಮ್ಯೂಸಿಕ್ ಇಲ್ಲ, ಪಕ್ಕದಲ್ಲಿ ಕೂತು ವಿವರಿಸೋ ದನಿ ಇಲ್ಲ. ಮೊದಲನೇ ಸಲ ನೋಡ್ದಾಗ ಎರಡು ನಿಮಿಷಕ್ಕೆ ಸಾಕಪ್ಪಾ ಅನ್ಸಿತ್ತು, ಐದನೇ ನಿಮಿಷಕ್ಕೆ ನನ್ನ ಭುಜಾನೇ ಬಿಗಿಯಾಗಿತ್ತು.

ಈ ಸಲ ಒಂದೇ ಪ್ರಶ್ನೆ ಕಾಡ್ತು, ಆ ಡಬ್ಬಿ ತಳ್ಳಿದ ಜನ ಈ ಸಿನಿಮಾ ನೋಡಿದ್ರಾ? ನಾನಿಲ್ಲಿ ಮೈಸೂರಲ್ಲಿ ರೂಮಲ್ಲಿ ಕೂತು ಅವ್ರ ಉಸಿರು ಕೇಳಿಸ್ಕೋತಿದೀನಿ, ಅವ್ರಿಗೆ ಅವ್ರ ಮುಖ ಯಾರಾದ್ರು ತೋರಿಸಿದ್ರಾ? ಯಾರ ನೆನಪೋ ಅವ್ರಿಗೇ ವಾಪಸ್ ಮುಟ್ಟದೆ ಇದ್ರೆ ಅದು ನಮ್ಮಂಥವ್ರ ಸಂಗ್ರಹ ಆಗಿ ಉಳಿಯುತ್ತೆ ಅಷ್ಟೇ ಅಂತ ನಂಗೆ ಬಲವಾಗಿ ಅನ್ಸುತ್ತೆ. ಈ ಥರ ಸಿನಿಮಾ ನೋಡೋರು, ಮಾಡೋರು ಯಾರಾದ್ರು ಇದ್ರೆ ದಯವಿಟ್ಟು ಹೇಳಿ.

ಧಾರವಾಡದಾಂವ:
ರೀಲುಡಬ್ಬಿಯವ್ರ, ನಿಮ್ಮ ಪೋಸ್ಟ್ ಓದಿ ನಾನೂ ಹುಡಿಕ್ಯಾಡಿ ನೋಡಿದೆ ನಿನ್ನಿ ರಾತ್ರಿ. ನಂಗ ನೋಡ್ರಿ ನಿಮ್ಮ ಪ್ರಶ್ನೆಕಿಂತ ಮೊದ್ಲ ಇನ್ನೊಂದು ಪ್ರಶ್ನೆ ಬಂತು. ಆ ಮುದುಕೀರು ಏದುಸಿರು ಬಿಡ್ಕೋತ ತಳ್ಳಾಕತ್ತಿದ್ದಾಗ ಕ್ಯಾಮೆರಾ ಹಿಡ್ಕೊಂಡಾಂವ ಗಟ್ಟಿ ಗಂಡಸ ಇದ್ದಾನಲ್ಲ, ಅದನ್ನ ಕೆಳಗ ಇಟ್ಟು ಒಂದು ಕೈ ಹಚ್ಚಬೇಕಿತ್ತಲ್ಲ? ನಮ್ಮವ್ವ ಪಕ್ಕದಾಗ ಕುಂತಿದ್ಲು, ಆಕಿನೂ ಅದನ್ನ ಕೇಳಿದ್ಲು, "ಈ ಫೋಟೋ ತಗ್ಯಾಂವ ಏನ್ ಮಾಡಾಕತ್ತಾನ" ಅಂತ. ಸಿನಿಮಾ ಭಾಳ ಛಲೋ ಐತಿ, ಅದ್ರಾಗ ಎರಡು ಮಾತಿಲ್ಲ. ಅಂಗಡಿಯಾಕಿ ಬ್ರೆಡ್ ಎಣಿಸಿ ಕೊಡೂ ಮುಂದ ಆಗೂ ಜಗಳ ನೋಡಿದ್ರ, ಬಡತನದಾಗ ಲೆಕ್ಕ ಹೆಂಗ ಜೀವ ಹಿಂಡತೈತಿ ಅನ್ನೂದು ಎದಿಗೆ ನಾಟತೈತಿ. ಆದ್ರ ಅವ್ವನ ಪ್ರಶ್ನೆಗೆ ನನ್ ಹತ್ರ ಉತ್ತರ ಇಲ್ಲ.

ಎಡಿಟಿಂಗ್‌ಟೇಬಲ್:
ಎರಡೂ ಪ್ರಶ್ನೆ ಒಂದೇ ಬೇರಿಂದ ಬಂದಿರೋದು ಅನ್ಸುತ್ತೆ ನಂಗೆ. ಕ್ಯಾಮೆರಾ ಹಿಡ್ದೋನು ಎಷ್ಟು ದೂರದಲ್ಲಿ ನಿಂತ್ಕೋಬೇಕು ಅನ್ನೋದು.

ಇದ್ರ ಬಗ್ಗೆ ಅಲ್ಲಿ ತುಂಬ ಗಟ್ಟಿಯಾಗಿ ಯೋಚ್ನೆ ಮಾಡಿರೋರು ಮರೀನಾ ರಜ್ಬೇಷ್ಕಿನಾ. ಕಜಾನ್ ಊರಿನವರು, 2009ರಲ್ಲಿ ರಂಗಭೂಮಿಯ ಮಿಖಾಯಿಲ್ ಉಗಾರೊವ್ ಜೊತೆ ಸೇರಿ ಮಾಸ್ಕೋದಲ್ಲಿ ಒಂದು ಡಾಕ್ಯುಮೆಂಟರಿ ಸ್ಕೂಲ್ ಶುರು ಮಾಡಿದ್ರು. ಅಲ್ಲಿ ಕಲಿಯೋರಿಗೆ ಬೇಡಗಳ ಪಟ್ಟಿನೇ ಪಾಠ, ಟ್ರೈಪಾಡ್ ಬೇಡ, ಜೂಮ್ ಬೇಡ, ಹಿನ್ನೆಲೆ ಸಂಗೀತ ಬೇಡ, ಎದುರಿಗೆ ಕೂರಿಸ್ಕೊಂಡು ಸಂದರ್ಶನ ಬೇಡ, ಕದ್ದು ಶೂಟ್ ಮಾಡಂಗೇ ಇಲ್ಲ. ಜೂಮ್ ಇಲ್ಲ ಅಂದ್ಮೇಲೆ ಮುಖ ದೊಡ್ದಾಗಿ ಬೇಕಂದ್ರೆ ನೀನೇ ಹತ್ರ ಹೋಗ್ಬೇಕು, ಬೇರೆ ದಾರಿ ಇಲ್ಲ. ಅವ್ರು ಇದಕ್ಕೆ "ಹಾವಿನ ವಲಯ" ಅಂತಾರೆ. ಯಾವುದೇ ಜೀವಕ್ಕೂ ತನ್ನ ಸುತ್ತ ಒಂದು ಜಾಗ ಇರುತ್ತಲ್ಲ, ಅದ್ರೊಳಗೆ ಬೇರೆಯವ್ರು ಬಂದ್ರೆ ಎಚ್ಚರ ಆಗೋ ಜಾಗ, ಅದ್ರೊಳಗೆ ನೀನು ಹೋಗಿ ಉಳ್ಕೋಬೇಕು, ಆ ಮನುಷ್ಯ ನಿನ್ನ ಅಲ್ಲಿ ಇರೋಕೆ ಬಿಡ್ಬೇಕು. ಒಂದು ದಿನದಲ್ಲಿ ಆಗೋ ಕೆಲ್ಸ ಅಲ್ಲ ಇದು, ತಿಂಗಳುಗಟ್ಲೆ ಅಡುಗೆಮನೇಲಿ ಕೂತ್ಕೋಬೇಕು. ಕ್ಯಾಮೆರಾ ಚಿಕ್ಕದಾಗಿ ಅಗ್ಗ ಆಗಿದ್ರಿಂದ ಇದು ಸಾಧ್ಯ ಆಯ್ತು ಅನ್ನೋದೂ ನಿಜ, ಒಬ್ಬನೇ ಹೋಗ್ಬೋದು, ಲೈಟು ಜನರೇಟರ್ ಸಾಹೇಬರ ಗಾಡಿ ಯಾವ್ದೂ ಬೇಡ.

ಆದ್ರೆ ರೀಲುಡಬ್ಬಿ ಕೇಳಿದ ವಾಪಸ್ ತೋರ್ಸೋ ವಿಷ್ಯಕ್ಕೆ ಇನ್ನೂ ಹಳೇ ಕಥೆ ಇದೆ. 1932ರಲ್ಲಿ ಅಲೆಕ್ಸಾಂಡರ್ ಮೆದ್ವೆದ್ಕಿನ್ ಅನ್ನೋರು ಒಂದು ರೈಲನ್ನೇ ಸ್ಟುಡಿಯೋ ಮಾಡ್ಕೊಂಡು ದೇಶ ಸುತ್ತಿದ್ರು. ಅದ್ರೊಳಗೇ ಲ್ಯಾಬ್, ಎಡಿಟಿಂಗ್, ಮಲಗೋ ಜಾಗ. "ಇವತ್ತು ಶೂಟ್, ನಾಳೆ ಷೋ" ಅನ್ನೋದು ಅವ್ರ ಘೋಷಣೆ. ಗಣಿ, ಕಾರ್ಖಾನೆ, ಸಾಮೂಹಿಕ ಜಮೀನಿಗೆ ಹೋಗಿ ಅಲ್ಲಿನ ಕೆಲಸ ಶೂಟ್ ಮಾಡಿ ಅದೇ ಕೆಲಸಗಾರರನ್ನ ಕೂರ್ಸಿ ತೋರ್ಸಿ ಚರ್ಚೆ ಮಾಡಿಸ್ತಿದ್ರು. ಅದು ಸರ್ಕಾರದ ರೈಲು, ಸರ್ಕಾರದ ಮಾತು. ಅವ್ರು ಸುತ್ತಿದ ಜಾಗದಲ್ಲಿ ಯುಕ್ರೇನಿನ ಕೈಗಾರಿಕಾ ಊರುಗಳೂ ಇದ್ವು, ಅದೇ 1932-33ರಲ್ಲಿ ಅಲ್ಲಿ ಲಕ್ಷಾಂತರ ಜನ ಹಸಿವಿಂದ ಸತ್ರು. ಆ ಹಸಿವನ್ನ ತೋರ್ಸೋಕೆ ಆ ರೈಲು ಹೊರಟಿರ್ಲಿಲ್ಲ. ಹಾಗಾಗಿ ಬರೀ ವಾಪಸ್ ತೋರ್ಸಿದ್ರೆ ಸಾಲ್ದು, ಏನನ್ನ ವಾಪಸ್ ತೋರ್ಸ್ತೀವಿ ಅನ್ನೋದೂ ಅಷ್ಟೇ ಮುಖ್ಯ ಅಂತ ನನ್ ಅಭಿಪ್ರಾಯ.

ಮುಂಗಾರುಮಿಂಚು:
ನಿಮ್ಮ ಪ್ರಶ್ನೆಗೆ ಸಿನಿಮಾದೊಳಗೇ ಉತ್ತರ ಕೊಟ್ಟಿರೋದು ಒಂದಿದೆ. ವಿಕ್ತರ್ ಕಸಕೋವ್ಸ್ಕಿ ಅವ್ರ "ಬೆಲೋವಿ", 90ರ ದಶಕದ ಶುರುವಿಂದು, ಬೆಲೋವ್ ಮನೆಯವ್ರು ಅಂತ ಅರ್ಥ. ಕಪ್ಪು ಬಿಳುಪು. ಒಂದು ಹಳ್ಳೀಲಿ ವಯಸ್ಸಾದ ಅಕ್ಕ ತಮ್ಮ ಇಬ್ರೇ. ಅವ್ರು ಹಸು ಜೊತೆ ಮಾತಾಡ್ತಾರೆ, ಜಮೀನಲ್ಲಿ ಒಬ್ರೇ ಗೇಯ್ತಾರೆ, ತಮ್ಮ ಕುಡ್ಕೊಂಡು ದೇಶ, ರಾಜಕೀಯ, ಜೀವನ ಅಂತ ದೊಡ್ಡ ದೊಡ್ಡ ಮಾತಾಡ್ತಾನೆ. ಪಟ್ಟಣದಿಂದ ಉಳಿದ ಅಣ್ತಮ್ಮಂದ್ರು ಬರ್ತಾರೆ, ಊಟಕ್ಕೆ ಕೂತಲ್ಲಿ ಜಗಳ ಹತ್ಕೊಳ್ಳುತ್ತೆ. ನಮ್ಮನೆ ದೀಪಾವಳಿ ನೆನಪಾಗೋಯ್ತು ನಂಗೆ.

ಆಮೇಲೆ ಬರುತ್ತೆ ಆ ದೃಶ್ಯ. ಅಕ್ಕನ ಕಿವಿಗೆ ದೊಡ್ಡ ಹೆಡ್‌ಫೋನ್. ಮನೇಲಿ ರೆಕಾರ್ಡ್ ಆಗಿದ್ದ ಮಾತುಗಳನ್ನ ಅವ್ರಿಗೇ ಕೇಳಿಸ್ತಾರೆ ಡೈರೆಕ್ಟರು. ಕ್ಯಾಮೆರಾ ಆ ಮುಖದ ಮೇಲೇ ನಿಂತಿರುತ್ತೆ. ಆಯಮ್ಮ ನಗ್ತಾರೆ, ಅಳ್ತಾರೆ, ಎರಡೂ ಒಂದರ ಬೆನ್ನಿಗೆ ಒಂದು, ಯಾವ್ದು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ತನ್ನ ಜೀವನದ ಸದ್ದನ್ನ ಹೊರಗಿಂದ ಮೊದಲ್ನೇ ಸಲ ಕೇಳಿಸ್ಕೋತಿರೋ ಮುಖ ಅದು. ನಾನು ಎಷ್ಟೋ ಸಿನಿಮಾದಲ್ಲಿ ಅಳೋದು ನೋಡಿದೀನಿ, ಇಷ್ಟು ಹತ್ರದಿಂದ ಯಾರೂ ತೋರ್ಸಿಲ್ಲ.

ಇದೇ ಕಸಕೋವ್ಸ್ಕಿ ಆಮೇಲೆ ಪೀಟರ್ಸ್‌ಬರ್ಗ್‌ನ ತಮ್ಮ ಮನೆ ಕಿಟಕಿಯಿಂದ ಆಚೆ ಹೋಗದೆ ಒಂದು ಪೂರ್ತಿ ಸಿನಿಮಾ ಮಾಡಿದ್ರು. 2003ಕ್ಕೆ ಊರಿಗೆ 300 ವರ್ಷ ತುಂಬುತ್ತೆ ಅಂತ ಅಲಂಕಾರ ನಡೀತಿತ್ತು, ಅವ್ರ ಬೀದಿ ರಸ್ತೆ ಅಗೆಯೋದು, ಮುಚ್ಚೋದು, ಮತ್ತೆ ಅಗೆಯೋದು. ಅದನ್ನ ಹೆಚ್ಚು ಹೇಳಲ್ಲ, ನೋಡಿ.

ಧಾರವಾಡದಾಂವ ಅವ್ರೇ, ನಿಮ್ಮ ಅಮ್ಮನ ಪ್ರಶ್ನೆ ನಂಗೆ ತುಂಬ ಸರಿ ಅನ್ಸ್ತು. ಕೈ ಹಚ್ಚೋದು ಒಂದು ಥರದ ಸಹಾಯ, ಆ ಹೆಡ್‌ಫೋನ್ ಕೊಟ್ಟಿದ್ದು ಇನ್ನೊಂದು ಥರದ್ದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡ್ಬೇಕೇನೋ.

ಪೆರ್ಮ್‌ಹುಡುಗಿ:
ಈ ಥ್ರೆಡ್ ನೋಡಿ ಲಾಗಿನ್ ಆದೆ, ಎರಡು ವರ್ಷ ಆಗಿತ್ತು ಇಲ್ಲಿ ಬರ್ದು.

ನಾನು ಡಾಕ್ಟರ್ ಓದಿದ್ದು ಪೆರ್ಮ್ ಅನ್ನೋ ಊರಲ್ಲಿ, ಉರಾಲ್ ಬೆಟ್ಟಗಳ ಹತ್ರ, ಕಾಮಾ ನದಿ ದಂಡೆ. ಆ ಊರಲ್ಲಿ 1995ರಿಂದ "ಫ್ಲಾಹರ್ಟಿಯಾನ" ಅಂತ ಡಾಕ್ಯುಮೆಂಟರಿ ಹಬ್ಬ ನಡೀತಿದೆ, ಪಾವೆಲ್ ಪೆಚೆಂಕಿನ್ ಅನ್ನೋ ಡೈರೆಕ್ಟರ್ ಶುರು ಮಾಡಿದ್ದು. ನಂಗೆ ಸಿನಿಮಾ ಹುಚ್ಚೇನೂ ಇರ್ಲಿಲ್ಲ, ಅನಾಟಮಿ ಓದಿ ಓದಿ ತಲೆ ಕೆಟ್ಟಾಗ ಗೆಳತಿ ಎಳ್ಕೊಂಡು ಹೋದ್ಳು. ಹಾಲ್ ಒಳಗೆ ಹೋದ್ರೆ ಅರ್ಧಕ್ಕರ್ಧ ವಯಸ್ಸಾದ ಹೆಂಗಸರು, ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಚೀಲ, ಸಿನಿಮಾ ಮುಗಿದ ಮೇಲೆ ಎದ್ದು ನಿಂತು ಡೈರೆಕ್ಟರಿಗೆ ನೇರವಾಗಿ ಪ್ರಶ್ನೆ ಕೇಳೋರು. ಆ ಹುಡುಗಿ ಈಗ ಹೇಗಿದಾಳೆ, ಅವಳಿಗೆ ಮನೆ ಸಿಕ್ತಾ, ಅವಳ ಮಗು ಸ್ಕೂಲಿಗೆ ಹೋಗ್ತಿದ್ಯಾ. ಸಿನಿಮಾ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ. ನಂಗೆ ಆಗ ರಷ್ಯನ್ ಅಷ್ಟಕ್ಕಷ್ಟೇ ಬರ್ತಿತ್ತು, ಆದ್ರೂ ಆ ಪ್ರಶ್ನೆಗಳು ಪೂರ್ತಿ ಅರ್ಥ ಆದ್ವು.

ನಾನಿದ್ದ ಮನೆ ಅಜ್ಜಿ ಒಂದ್ಸಲ ಶೂ ಡಬ್ಬಿ ತೆಗೆದು ಫೋಟೋ ತೋರ್ಸಿದ್ರು. ಒಂದು ಫೋಟೋದಲ್ಲಿ ಐದು ಜನ ನಿಂತಿದಾರೆ, ನಾಲ್ಕು ಮುಖ ಇದೆ, ಐದನೇದು ಕತ್ತರಿಸಿದೆ. ಹರಿದಿರೋದಲ್ಲ, ಚಿಕ್ಕ ಕತ್ತರೀಲಿ ದುಂಡಗೆ, ಕಾಲರ್ ಗುಂಡಿಗೆ ತಾಗದ ಹಾಗೆ ಜೋಪಾನವಾಗಿ ಕತ್ತರಿಸಿರೋದು. ಪಕ್ಕದವ್ರ ಭುಜದ ಮೇಲೆ ಅವ್ರ ಕೈ ಮಾತ್ರ ಹಾಗೇ ಉಳಿದಿದೆ. ಸ್ಟಾಲಿನ್ ಕಾಲದಲ್ಲಿ, 1937ರ ಸುಮಾರಿಗೆ ಯಾರನ್ನಾದ್ರು ಪೊಲೀಸ್ನೋರು ಎತ್ತಾಕ್ಕೊಂಡೋದ್ರೆ ಮನೇಲಿ ಅವ್ರ ಫೋಟೋ ಇಟ್ಕೊಳ್ಳೋಕೂ ಹೆದರಿಕೆ, ಎಷ್ಟೋ ಮನೇಲಿ ಹೀಗೆ ಮುಖ ಕತ್ತರಿಸಿದಾರೆ, ಮಸಿ ಬಳಿದಿದಾರೆ. ಕತ್ತರಿಸಿದ್ದು ಅಜ್ಜಿಯ ಅಮ್ಮ. ಹೋಗಿದ್ದು ಅವ್ರದೇ ಅಣ್ಣ. ಅಜ್ಜಿ ಆ ತೂತಿನ ಮೇಲೆ ಬೆರಳಿಟ್ಟು ಕೊಂಚ ಹೊತ್ತು ಮಾತಾಡಿದ್ರು, ನಾನು ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ, ಕೇಳಿಯೇ ಮಾಡ್ಕೊಂಡೆ.

ಅಲ್ಲಿನ ಡೈರೆಕ್ಟರುಗಳು ಯಾಕೆ ಒಂದು ಮನೆ, ಒಂದು ಬೀದಿ ಹಿಡ್ಕೊಂಡು ಕೂರ್ತಾರೆ ಅಂದ್ರೆ ಇದಕ್ಕೇ ಅನ್ಸುತ್ತೆ. ದೊಡ್ಡ ಚರಿತ್ರೆ ಹೇಳೋ ಕೆಲ್ಸ ಸರ್ಕಾರದ್ದು ಆಗಿತ್ತು, ಮನೆಯೊಳಗಿನ ಚರಿತ್ರೆಗೆ ಕತ್ತರಿ ಬಿದ್ದಿತ್ತು.

ಕರಾವಳಿಕಣ್ಣು:
ಪೆರ್ಮ್‌ಹುಡುಗಿ ಅವ್ರೇ, ನಿಮ್ಮ ಪೋಸ್ಟ್ ಓದಿ ಸ್ವಲ್ಪ ಹೊತ್ತು ಏನೂ ಮಾಡ್ಲಿಕ್ಕೆ ಆಗ್ಲಿಲ್ಲ ನಂಗೆ.

ಆದ್ರೆ ಒಂದು ಭಿನ್ನಾಭಿಪ್ರಾಯ ಹೇಳ್ಬೇಕು. ಖಾಸಗಿ ನೆನಪು ಅಂದ ತಕ್ಷಣ ಎಲ್ರೂ ಹೊಗಳುವ ಸಿನಿಮಾ ಒಂದುಂಟು, ವಿತಾಲಿ ಮಾನ್ಸ್ಕಿ ಅವ್ರ "ಚಾಸ್ತ್ನಿಯೆ ಹ್ರೋನಿಕಿ", ಖಾಸಗಿ ದಿನಚರಿಗಳು ಅಂತ, 1999. ಸೋವಿಯತ್ ಕಾಲದ ಸಾಮಾನ್ಯ ಜನ ಮನೇಲಿ ಪುಟ್ಟ ಕ್ಯಾಮೆರಾದಲ್ಲಿ ತೆಗ್ದ ರೀಲುಗಳನ್ನ ಒಟ್ಟು ಮಾಡಿದ್ರು, 5000 ಗಂಟೆಗೂ ಮೇಲೆ. ಹುಟ್ಟುಹಬ್ಬ, ಸಮುದ್ರತೀರ, ಹೊಸ ವರ್ಷದ ಮರ, ಬಾಲ್ಕನೀಲಿ ಸ್ನಾನ ಮಾಡಿಸ್ತಿರೋ ಮಗು. ಅದನ್ನೆಲ್ಲ ಸೇರ್ಸಿ 1961ರಿಂದ 1986ರವರೆಗೆ ಬದುಕಿದ ಒಬ್ಬನೇ ಮನುಷ್ಯನ ಕಥೆ ಅಂತ ಹೊಲಿದ್ರು. ಆ ಮನುಷ್ಯ ಇಲ್ಲವೇ ಇಲ್ಲ. ಅವನ ದನಿ ಬರಹಗಾರರೊಬ್ರು ಬರೆದು ಕೊಟ್ಟದ್ದು. ಸಿನಿಮಾವಾಗಿ ಎಳ್ಕೊಂಡು ಹೋಗ್ತದೆ, ಒಪ್ತೇನೆ. ಆದ್ರೆ ಯಾರದ್ದೋ ಅಮ್ಮ ಇನ್ಯಾರದ್ದೋ ಅಮ್ಮ ಆಗಿಬಿಡ್ತಾಳೆ ಅದ್ರಲ್ಲಿ. ಆ ರೀಲು ಕೊಟ್ಟ ಮನೆಯವ್ರು ಥಿಯೇಟರಲ್ಲಿ ಕೂತು ತಮ್ಮ ಅಮ್ಮನ ಮುಖದ ಮೇಲೆ ಬೇರೆ ಮಗನ ಮಾತು ಕೇಳಿದಾಗ ಹೇಗಾಗಿರ್ಬೇಕು? ಇದು ವಾಪಸ್ ಕೊಡೋದಲ್ಲ, ಸಾಲ ತಗೊಂಡು ಬೇರೆ ನಾಣ್ಯ ಟಂಕಿಸಿದ ಹಾಗೆ.

ಇದರ ಪಕ್ಕದಲ್ಲಿ ಮುಂಗಾರುಮಿಂಚು ಹೇಳಿದ ಕಸಕೋವ್ಸ್ಕಿಯವ್ರದ್ದೇ ಇನ್ನೊಂದು ಸಿನಿಮಾ ಇಟ್ಟು ನೋಡಿ, "ಸ್ರೆದಾ", ಬುಧವಾರ, 1997. ಅವ್ರು ಹುಟ್ಟಿದ್ದು ಲೆನಿನ್‌ಗ್ರಾಡ್‌ನಲ್ಲಿ ಅಂದ್ರೆ ಈಗಿನ ಪೀಟರ್ಸ್‌ಬರ್ಗ್‌ನಲ್ಲಿ, 19 ಜುಲೈ 1961, ಬುಧವಾರ. ಅದೇ ಊರಲ್ಲಿ ಅದೇ ದಿನ ಹುಟ್ಟಿದ ಬೇರೆಯವರನ್ನೆಲ್ಲ ಹುಡುಕಿಕೊಂಡು ಬಾಗಿಲು ಬಾಗಿಲು ಹೋದ್ರು. ಒಬ್ಬ ಹೀಗೆ, ಒಬ್ಬಳು ಹಾಗೆ, ಒಂದೊಂದು ಮುಖಕ್ಕೂ ಅದರದ್ದೇ ಬಾಗಿಲು. ಎರಡೂ ಸಿನಿಮಾ ಶುರುವಾಗೋದು 1961ರಿಂದಲೇ, ಒಂದು ಎಲ್ರನ್ನೂ ಕರಗಿಸಿ ಒಬ್ಬನನ್ನ ಮಾಡ್ತದೆ, ಇನ್ನೊಂದು ಒಬ್ಬೊಬ್ಬರನ್ನೂ ಬೇರೆ ಬೇರೆ ಉಳಿಸ್ತದೆ. ನನ್ನ ವೋಟು ಎರಡನೇದಕ್ಕೆ.

ರೀಲುಡಬ್ಬಿ:
ಕರಾವಳಿಕಣ್ಣು, ನಾನು ಮಾನ್ಸ್ಕಿ ಪರ ಸ್ವಲ್ಪ ನಿಲ್ತೀನಿ. ಆ ರೀಲುಗಳು ಬಹಳಷ್ಟು ಕಸಕ್ಕೆ ಹೋಗೋ ಹಂತದಲ್ಲಿದ್ವು ಅನ್ನೋದು ಮರೀಬಾರ್ದು. ಪ್ರೊಜೆಕ್ಟರ್ ಕೆಟ್ಟೋಯ್ತು, ತೆಗೆದೋರು ಸತ್ರು, ಮನೆ ಮಾರಿದ್ರು, ಮುಗೀತು. ಒಂದು ವಿಷ್ಯ ಗೊತ್ತಾ, ಮಾಸ್ಕೋ ಪಕ್ಕದ ಕ್ರಾಸ್ನಗೋರ್ಸ್ಕ್‌ನಲ್ಲಿ ಸರ್ಕಾರದ ಡಾಕ್ಯುಮೆಂಟರಿ ಫಿಲ್ಮ್ ಆರ್ಕೈವ್ ಇದೆ, 1926ರಲ್ಲಿ ಶುರುವಾಗಿದ್ದು, ಪೆರೇಡು ಭಾಷಣ ಯುದ್ಧ ಎಲ್ಲ ಅಲ್ಲಿ ಜೋಪಾನವಾಗಿದೆ. ಅದೇ ಕ್ರಾಸ್ನಗೋರ್ಸ್ಕ್‌ನ ಕಾರ್ಖಾನೇಲೇ "ಕ್ವಾರ್ತ್ಸ್" ಅನ್ನೋ ಮನೆಬಳಕೆಯ 8 ಎಂಎಂ ಕ್ಯಾಮೆರಾ ತಯಾರಾಗ್ತಿತ್ತು. ಕ್ಯಾಮೆರಾ ಆ ಊರಿಂದ ಮನೆಮನೆಗೆ ಹೋಯ್ತು, ಅದ್ರಲ್ಲಿ ತೆಗೆದ ರೀಲು ಆ ಊರಿನ ಆರ್ಕೈವಿಗೆ ಸೇರೋ ವಸ್ತು ಅಂತ ಯಾರಿಗೂ ಅನ್ಸಿರ್ಲಿಲ್ಲ. ಮಾನ್ಸ್ಕಿಗೆ ಅನ್ಸ್ತು. ಅಷ್ಟಕ್ಕಾದ್ರೂ ನಾನು ಕೈ ಮುಗೀತೀನಿ.

ಆದ್ರೆ ಅಮ್ಮನ ಮುಖದ ಮೇಲೆ ಬೇರೆ ಮಗನ ಮಾತು ಅಂದ್ರಲ್ಲ, ಅದಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ. ನೀವು ಹೇಳಿದ್ಮೇಲೆ ಆ ಸಿನಿಮಾ ನಂಗೆ ಮೊದಲಿನ ಥರ ಕಾಣಲ್ಲ.

ಎಡಿಟಿಂಗ್‌ಟೇಬಲ್:
ಹಾಗಿದ್ರೆ ಸದ್ದಿನ ಬಗ್ಗೆ ಕೇಳ್ತೀನಿ. ಸೆರ್ಗೇಯ್ ಲೋಜ್ನಿತ್ಸಾ ಅವ್ರ "ಬ್ಲಕಾದಾ", 2005. ಲೆನಿನ್‌ಗ್ರಾಡ್ ಊರಿಗೆ ಜರ್ಮನ್ ಸೇನೆ ಹಾಕಿದ ಮುತ್ತಿಗೆ, 872 ದಿನ, 1941 ಸೆಪ್ಟೆಂಬರ್‌ನಿಂದ 1944 ಜನವರಿ. ಆಗ ಅಲ್ಲಿನ ಕ್ಯಾಮೆರಾಮನ್‌ಗಳು ತೆಗೆದಿದ್ದ ಹಳೇ ಫೂಟೇಜ್ ಅಷ್ಟೇ ಇರೋದು, ಒಂದು ಮಾತೂ ಇಲ್ಲ, ಸಂಗೀತಾನೂ ಇಲ್ಲ. ಆ ಫೂಟೇಜಿಗೆ ಸದ್ದೇ ಇರ್ಲಿಲ್ಲ. ವ್ಲಾದಿಮಿರ್ ಗೊಲೊವ್ನಿತ್ಸ್ಕಿ ಅನ್ನೋ ಸೌಂಡ್ ಡಿಸೈನರ್ ಎಲ್ಲಾನೂ ಹೊಸದಾಗಿ ಕಟ್ಟಿದ್ರು, ಹಿಮದ ಮೇಲೆ ಬೂಟಿನ ಸದ್ದು, ಜಾರುಗಾಡಿ ಎಳೆಯೋ ಸದ್ದು, ದೂರದ ಗೊಣಗಾಟ. ಬಟ್ಟೆ ಸುತ್ತಿದ ಹೆಣವನ್ನ ಒಬ್ಬಳು ಜಾರುಗಾಡೀಲಿ ಎಳ್ಕೊಂಡು ಹೋಗ್ತಾಳೆ, ಪಕ್ಕದಲ್ಲಿ ಹೋಗೋರು ತಿರುಗಿ ನೋಡಲ್ಲ, ಆ ಕರಕರ ಸದ್ದು ಮಾತ್ರ. 60 ವರ್ಷದ ಮೇಲೆ ಸ್ಟುಡಿಯೋದಲ್ಲಿ ಹುಟ್ಟಿದ ಸದ್ದು ಅದು. ಇದು ಸುಳ್ಳಾ? ನಾನು ಎಡಿಟಿಂಗ್ ಮಾಡೋನು, ನಂಗೆ ಇದು ಸುಳ್ಳು ಅನ್ಸಲ್ಲ. ಸದ್ದಿಲ್ಲದೆ ಇದ್ರೆ ಅವ್ರೆಲ್ಲ ಬೇರೆ ಲೋಕದ ನೆರಳುಗಳ ಥರ ಕಾಣ್ತಾರೆ, ಸದ್ದು ಬಂದ ಕೂಡ್ಲೆ ನೆಲದ ಮೇಲೆ ನಡೀತಿರೋ ಮನುಷ್ಯರಾಗ್ತಾರೆ.

ಇನ್ನೊಂದು ಮಾತು, ಲೋಜ್ನಿತ್ಸಾ ಅವ್ರನ್ನ ರಷ್ಯನ್ ಅನ್ಬೇಡಿ. ಹುಟ್ಟಿದ್ದು ಬೆಲಾರುಸ್, ಬೆಳೆದಿದ್ದು ಕೀವ್, ಕಲಿತಿದ್ದು ಮಾಸ್ಕೋ, ಈ ಸಿನಿಮಾ ಮಾಡಿದ್ದು ಪೀಟರ್ಸ್‌ಬರ್ಗ್‌ನ ಸ್ಟುಡಿಯೋದಲ್ಲಿ, ಯುಕ್ರೇನಿಯನ್ ಡೈರೆಕ್ಟರ್ ಅಂತಲೇ ಗುರುತಿಸ್ಕೊಳ್ಳೋರು. ದ್ವೋರ್ತ್ಸೆವೊಯ್ ಹುಟ್ಟಿದ್ದು ಕಜಾಕಸ್ತಾನದ ಶಿಮ್‌ಕೆಂತ್, ಮಾನ್ಸ್ಕಿ ಹುಟ್ಟಿದ್ದು ಲ್ವೀವ್. ರಷ್ಯಾದ ಊರುಗಳನ್ನ ಇಷ್ಟು ಗಮನ ಇಟ್ಟು ನೋಡಿದೋರಲ್ಲಿ ಎಷ್ಟೋ ಜನ ಅಂಚಿನಿಂದ ಬಂದೋರು.

ಧಾರವಾಡದಾಂವ:
ಬ್ಲಕಾದಾ ನಾ ನೋಡೀನ್ರಿ, ಅದ್ರ ಕಡೀ ಭಾಗ ಹೇಳ್ಲಿಲ್ಲ ನೀವು. ಮುತ್ತಿಗಿ ಮುಗೀತು, ಆಕಾಶದಾಗ ಪಟಾಕಿ, ಜನ ಅಪ್ಪಿಕೊಂಡು ನಗತಾರ. ಬ್ಯಾರೇ ಯಾರ ಆಗಿದ್ರೂ ಅಲ್ಲೇ ಮುಗಸ್ತಿದ್ರು. ಈ ಮನಷಾ ಮುಗಸಂಗಿಲ್ಲ. ಮುಂದ ಒಂದು ದೊಡ್ಡ ಬಯಲು, ತುಂಬ ಮಂದಿ, ನಡುವ ನೇಣುಗಂಬ. 1946ರಾಗ ಜರ್ಮನ್ ಯುದ್ಧಾಪರಾಧಿಗಳನ್ನ ಎಲ್ಲಾರ ಮುಂದ ಗಲ್ಲಿಗೆ ಹಾಕಿದ್ದು. ಮಂದಿ ನಿಂತು ನೋಡಾಕತ್ತಾರ. ಆ ಮಂದೀನ ಹಸಿವಿಂದ ಸತ್ತು ಉಳದಾರ, ಅವ್ರ ಸಿಟ್ಟು ನ್ಯಾಯದ್ದ, ಆದ್ರೂ ಆ ಮಾರಿ ನೋಡೂದು ಭಾಳ ಕಷ್ಟ. ಊರಿನ ನೆನಪು ಅಂದ್ರ ಬರೇ ಅನುಭವಿಸಿದ ನೋವಲ್ಲ, ನಾವು ನಿಂತು ನೋಡಿದ್ದೂ ಹೌದು ಅಂತ ಅನಿಸ್ತು. ಸದ್ದಿನ ವಿಷಯಕ್ಕ ನಾ ನಿಮ್ಮ ಕಡೆ.

ಮುಂಗಾರುಮಿಂಚು:
ವಾಪಸ್ ತೋರ್ಸೋದಕ್ಕೆ ಇನ್ನೊಂದು ಉದಾಹರಣೆ, ಅದೂ ರಜ್ಬೇಷ್ಕಿನಾ ಅವ್ರದ್ದೇ, "ಅಪ್ಟಿಚೆಸ್ಕಯಾ ಓಸ್", 2013. ವೋಲ್ಗಾ ದಂಡೆಯ ನಿಜ್ನಿ ನೊವ್ಗರೊದ್‌ನಲ್ಲಿ ನೂರು ವರ್ಷಕ್ಕೂ ಹಿಂದೆ ಮಕ್ಸೀಂ ದ್ಮಿತ್ರಿಯೆವ್ ಅನ್ನೋ ಫೋಟೋಗ್ರಾಫರ್ ಇದ್ರು. 1891-92ರ ಬರಗಾಲದ ಹಳ್ಳಿಗಳನ್ನ, ಕೂಲಿಗಳನ್ನ, ಅಂಗಡಿ, ಸನ್ಯಾಸಿ, ಭಿಕ್ಷುಕ ಎಲ್ಲಾನೂ ತೆಗ್ದವರು. ರಜ್ಬೇಷ್ಕಿನಾ ಆ ಫೋಟೋಗಳನ್ನ ದೊಡ್ಡ ದೊಡ್ಡ ಪ್ರಿಂಟ್ ಮಾಡ್ಸಿ, ಅಂಥದೇ ಜಾಗಗಳಿಗೆ ಹೊತ್ಕೊಂಡು ಹೋಗಿ ಇಟ್ರು. ಕಾರ್ಖಾನೆಯವ್ರ ಮುಂದೆ ಹಳೇ ಕಾರ್ಖಾನೆಯವ್ರು. ಈಗಿನೋರು ಅದ್ರ ಮುಂದೆ ನಿಂತು ನೋಡ್ತಾರೆ, ಇವನ ಮೂಗು ನಮ್ ಮೇಸ್ತ್ರಿ ಮೂಗು ಥರ ಇದೆ ಅನ್ನೋ ಥರದ ಮಾತಿಂದ ಶುರುವಾಗಿ ತಮ್ಮ ಬದುಕಿನ ಮಾತಿಗೆ ಜಾರ್ತಾರೆ. ಅವ್ರು ಆ ಮುಖಗಳನ್ನ ನೋಡ್ತಿದಾರೋ ಆ ಮುಖಗಳು ಇವ್ರನ್ನ ನೋಡ್ತಿವೆಯೋ ಅಂತ ಅನ್ಸೋಕೆ ಶುರುವಾಗುತ್ತೆ.

ಮರೀನಾ ಗೊಲ್ದೊವ್‌ಸ್ಕಯಾ ಅವ್ರನ್ನೂ ಬಿಡಂಗಿಲ್ಲ. ಮಾಸ್ಕೋದ ಅರ್ಬಾತ್ ಬೀದಿಯ ಒಂದೇ ಒಂದು ಮನೆ ಹಿಡ್ಕೊಂಡು 1993ರಲ್ಲಿ ಸಿನಿಮಾ ಮಾಡಿದ್ರು. ಶ್ರೀಮಂತರಿಗೆ ಅಂತ ಕಟ್ಟಿದ ಮನೆ, ಕ್ರಾಂತಿ ಆದ್ಮೇಲೆ ಒಂದೊಂದು ರೂಮಿಗೆ ಒಂದೊಂದು ಸಂಸಾರ ತುಂಬಿ ಕೊಮ್ಮುನಾಲ್ಕಾ ಆಯ್ತು, ಎಲ್ರಿಗೂ ಒಂದೇ ಅಡುಗೆಮನೆ. ಅಲ್ಲಿ ಬದುಕಿದ್ದೋರನ್ನ ಹುಡುಕಿ ಮಾತಾಡಿಸ್ತಾರೆ. ಅಂದ ಹಾಗೆ ಇದು ಪೂರ್ತಿ ಸಂದರ್ಶನದ ಸಿನಿಮಾ, ರಜ್ಬೇಷ್ಕಿನಾ ಸ್ಕೂಲಿನ ನಿಯಮಕ್ಕೆ ಉಲ್ಟಾ, ಆದ್ರೂ ಕೆಲ್ಸ ಮಾಡುತ್ತೆ, ಯಾಕಂದ್ರೆ ಆ ಮುದುಕಿಯರಿಗೆ ಮಾತೇ ಉಳಿದಿದ್ದ ಆಸ್ತಿ.

ಕರಾವಳಿಕಣ್ಣು:
ಈಗ ಕಷ್ಟದ ವಿಷಯಕ್ಕೆ ಬರ್ತೇನೆ. ಇದೆಲ್ಲ ಅಲ್ಲಿನವರಿಗೆ ತೋರ್ಸ್ಲಿಕ್ಕೆ ಈಗ ಎಲ್ಲಿ ಜಾಗ ಉಂಟು? ರಷ್ಯಾದಲ್ಲಿ ಥಿಯೇಟರಲ್ಲಿ ಹಾಕ್ಬೇಕಂದ್ರೆ ಸಂಸ್ಕೃತಿ ಇಲಾಖೆಯ ಪ್ರದರ್ಶನ ಪರವಾನಗಿ ಬೇಕು. ಸಣ್ಣ ಡಾಕ್ಯುಮೆಂಟರಿಗಳಿಗೆ ಫೆಸ್ಟಿವಲ್ ಒಂದೇ ಕಿಂಡಿ ಇತ್ತು, 2018ರಲ್ಲಿ ಅದಕ್ಕೂ ಕಾನೂನು ಬಂತು. 2014ರಿಂದ ಸಿನಿಮಾದಲ್ಲಿ ಬೈಗುಳ ಇದ್ರೆ ಥಿಯೇಟರಿಗೆ ಬಿಡುವುದಿಲ್ಲ. ಕಾರ್ಮಿಕರ ಅಡುಗೆಮನೇಲಿ ತಿಂಗಳುಗಟ್ಲೆ ಶೂಟ್ ಮಾಡಿದ ಸಿನಿಮಾದಲ್ಲಿ ಬೈಗುಳ ಇರದೆ ಹೇಗೆ? ಮಾನ್ಸ್ಕಿ 2007ರಲ್ಲಿ ಮಾಸ್ಕೋದಲ್ಲಿ ಶುರು ಮಾಡಿದ ಆರ್ಟ್‌ಡಾಕ್‌ಫೆಸ್ಟ್ ಈ ಸಿನಿಮಾಗಳ ತವರು ಮನೆ ಆಗಿತ್ತು. 2014ರಲ್ಲಿ ಸರ್ಕಾರದ ದುಡ್ಡು ನಿಂತಿತು, 2022ರಲ್ಲಿ ಯುಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ಹಬ್ಬ ಲಾಟ್ವಿಯಾದ ರೀಗಾದಲ್ಲಿ ನೆಲೆ ಊರಿತು. ತವರು ಮನೆಯೇ ಪರದೇಶಕ್ಕೆ ಹೋದ ಹಾಗೆ.

ಕರಾಬಾಶ್ ಅಂತ ಚೆಲ್ಯಾಬಿನ್‌ಸ್ಕ್ ಸೀಮೆಯಲ್ಲಿ ತಾಮ್ರ ಕರಗಿಸುವ ಒಂದು ಊರು. ಅಲ್ಲಿನ ಶಾಲೆಯಲ್ಲಿ ಕಾರ್ಯಕ್ರಮ ನಡೆಸಿ ವಿಡಿಯೋ ತೆಗೀತಿದ್ದ ಪಾವೆಲ್ ತಲಾನ್ಕಿನ್, 2022ರ ನಂತರ ಮಕ್ಕಳಿಗೆ ಹೇಳಿಸುವ ದೇಶಭಕ್ತಿ ಪಾಠಗಳನ್ನ ಇಲಾಖೆಗೆ ಕಳಿಸ್ಲಿಕ್ಕೆ ಅಂತ ರೆಕಾರ್ಡ್ ಮಾಡ್ಬೇಕಿತ್ತು. ಅದೇ ಫೂಟೇಜ್ ಇಟ್ಕೊಂಡು 2024ರಲ್ಲಿ ದೇಶ ಬಿಟ್ರು. ಡೇವಿಡ್ ಬೋರೆನ್‌ಸ್ಟೈನ್ ಜೊತೆ ಸೇರಿ ಮಾಡಿದ ಆ ಸಿನಿಮಾಕ್ಕೆ 2025ರಲ್ಲಿ ಅಮೆರಿಕದ ಯುಟಾದಲ್ಲಿ ನಡೆದ ಸಿನಿಮಾ ಹಬ್ಬ ಸನ್‌ಡ್ಯಾನ್ಸ್‌ನಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿ ಬಂತು. ಹುಟ್ಟಿದ ಊರನ್ನ ಇಷ್ಟು ಪ್ರೀತಿಸಿ ತೆಗ್ದ ಸಿನಿಮಾ ನಾನು ಹತ್ತಿರದಲ್ಲಿ ನೋಡಿಲ್ಲ, ಆ ಊರಿನ ಹೊಗೆಯನ್ನ ಸಮೇತ ಪ್ರೀತಿಸ್ತಾರೆ. ಆದ್ರೆ ಆ ಮಕ್ಕಳು? ನಾವು ಯುಟಾದಲ್ಲಿ, ಮಂಗಳೂರಲ್ಲಿ ಕೂತು ಅವರ ಮುಖ ನೋಡಿದೆವು, ಶಾಲೆಗೆ ಅಂತ ತೆಗ್ದ ವಿಡಿಯೋ ಲೋಕಕ್ಕೆಲ್ಲ ಹೋಗ್ತದೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ತಲಾನ್ಕಿನ್ ಮಾಡಿದ್ದು ಸರಿ ಅಂತಲೇ ನನ್ನ ನಂಬಿಕೆ. ಅವರು ತೆಗೀದೆ ಇದ್ರೆ ಆ ತರಗತಿಗಳಲ್ಲಿ ಏನಾಯ್ತು ಅಂತ ಮುಂದೆ ಆ ಮಕ್ಕಳಿಗೇ ಸಾಕ್ಷಿ ಇರ್ತಿರ್ಲಿಲ್ಲ. ಆದ್ರೂ ರಾತ್ರಿ ನಿದ್ದೆ ಸರಿ ಬರ್ಲಿಲ್ಲ ನಂಗೆ ಅದನ್ನ ನೋಡಿ.

ಎಡಿಟಿಂಗ್‌ಟೇಬಲ್:
ಒಪ್ತೀನಿ. ಅದಕ್ಕೇ ಒಳಗಿನವರೇ ತೆಗೆದ ಸಿನಿಮಾ ಬೇರೆ ಥರ ತೂಗುತ್ತೆ. ಅಲೆಕ್ಸೇಯ್ ವಖ್ರುಷೆವ್ ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾದಲ್ಲೇ ಹುಟ್ಟಿದೋರು, 2011ರ ಅವ್ರ ತುಂದ್ರಾ ಸಿನಿಮಾದಲ್ಲಿ ಹಿಮಸಾರಂಗ ಕಾಯೋ ಅಲ್ಲಿನ ಚುಕ್ಚಿ ಬುಡಕಟ್ಟಿನ ವಯಸ್ಸಾದ ಹಿರಿಯರೊಬ್ರ ಸಂಸಾರ ಇದೆ. ಅಯ್ಯೋ ಪಾಪ ಅನ್ನೋದು ಒಂದು ಫ್ರೇಮಲ್ಲೂ ಇಲ್ಲ, ಬರೀ ಕೆಲ್ಸ, ಕೆಲ್ಸದ ಮಧ್ಯೆ ನಗು. ಮರುಸ್ಯಾ ಸಿರೊಯೆಚ್ಕೊವ್‌ಸ್ಕಯಾ ತನ್ನ ಪ್ರೀತಿಯ ಗೆಳೆಯನನ್ನೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಶೂಟ್ ಮಾಡಿ, ಅವನು ತೀರ್ಕೊಂಡ ಮೇಲೆ 2022ರಲ್ಲಿ ಸಿನಿಮಾ ಮಾಡಿದ್ರು, ಅದನ್ನ ವಾಪಸ್ ತೋರ್ಸೋಕೆ ಅವನೇ ಇಲ್ಲ. ಅಲ್ಲಿ ರೀಲುಡಬ್ಬಿಯವ್ರ ಪ್ರಶ್ನೆ ನನ್ನ ಬಾಯಿ ಕಟ್ಟುತ್ತೆ.

ಧಾರವಾಡದಾಂವ:
ಅವ್ವಗ "ಬ್ರೆಡ್ ಬರೂ ದಿನ" ಮತ್ತ ಹಾಕಿ ತೋರಿಸಿದೆ ಇವತ್ತು, ಈ ಸಲ ನಾ ಪಕ್ಕದಾಗ ಕುಂತು ಮಾತೆಲ್ಲ ಕನ್ನಡದಾಗ ಹೇಳ್ಕೋತ ಹೋದೆ. ತಳ್ಳೂ ದೃಶ್ಯ ಬಂದಾಗ ಆಕಿ ಕ್ಯಾಮೆರಾದಾಂವನ ಸುದ್ದಿ ಎತ್ತಲಿಲ್ಲ. ಮುಗದ ಮ್ಯಾಲೆ ಕೇಳಿದ್ಲು, "ಆ ಬ್ರೆಡ್ ಒಂದಕ್ಕ ಎಷ್ಟು ರೊಕ್ಕ ಇತ್ತಂತ?" ನಂಗ ಗೊತ್ತಿರ್ಲಿಲ್ಲ. ಯಾರಿಗರ ಗೊತ್ತಿದ್ರ ಹೇಳ್ರಿ, ಆಕಿ ಮತ್ತ ಮತ್ತ ಕೇಳಾಕತ್ತಾಳ.

ಪೆರ್ಮ್‌ಹುಡುಗಿ:
ಬ್ರೆಡ್ ರೇಟ್ ನಂಗೂ ಗೊತ್ತಿಲ್ಲ, ಅಲ್ಲಿನ ಗೆಳತಿಗೆ ಕೇಳ್ತೀನಿ, ಅಮ್ಮಂಗೆ ನಮಸ್ಕಾರ ಹೇಳಿ.

ಈ ಥ್ರೆಡ್ ಓದಿದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ಅಜ್ಜಿ ತೀರ್ಕೊಂಡು ಮೂರು ವರ್ಷ ಆಯ್ತು, ಅವ್ರ ಮೊಮ್ಮಗಳ ನಂಬರ್ ನನ್ ಹತ್ರ ಇತ್ತು. ಆ ಶೂ ಡಬ್ಬಿ ವಿಡಿಯೋ ಇಷ್ಟು ವರ್ಷ ನನ್ ಫೋನಲ್ಲೇ ಇದೆ ಅಂತ ಹೇಳಿ ಕಳ್ಸಿದೆ, ಇಷ್ಟು ದಿನ ಕಳ್ಸದೆ ಇದ್ದಿದ್ದಕ್ಕೆ ಕ್ಷಮೆನೂ ಕೇಳ್ದೆ. ಎರಡು ದಿನ ಉತ್ತರ ಬರ್ಲಿಲ್ಲ. ಇವತ್ತು ಬೆಳಿಗ್ಗೆ ಡ್ಯೂಟಿ ಮುಗ್ಸಿ ನೋಡಿದ್ರೆ ಉದ್ದ ವಾಯ್ಸ್ ಮೆಸೇಜ್. ಫೋಟೋ ಅವಳು ಚಿಕ್ಕಂದಿನಿಂದ ನೋಡಿದಾಳೆ, ಡಬ್ಬಿ ಈಗ ಅವಳ ಮನೇಲೇ ಇದೆ, ಆದ್ರೆ ಕತ್ತರಿಸಿದ ಜಾಗದಲ್ಲಿ ಯಾರಿದ್ರು ಅಂತ ಅಜ್ಜಿ ಮನೇಲಿ ಯಾವತ್ತೂ ಬಾಯಿ ಬಿಟ್ಟಿರ್ಲಿಲ್ವಂತೆ. ಕೇಳಿದ್ರೆ ಅಡುಗೆಮನೆಗೆ ಎದ್ದು ಹೋಗೋರಂತೆ. ವಿಡಿಯೋದಲ್ಲಿ ಹೆಸರು ಹೇಳಿದಾರೆ, ಆದ್ರೆ ಅದೇ ಹೊತ್ತಿಗೆ ಹಿಂದೆ ಕೆಟಲ್ ಸೀಟಿ ಹೊಡೆದು ಹೆಸರಿನ ಮೊದಲ ಭಾಗ ಮಾತ್ರ ಕೇಳುತ್ತೆ. ಕಳ್ಸಿದ್ದು ವಾಟ್ಸಾಪಲ್ಲಿ ಕುಗ್ಗಿರೋ ಫೈಲು, ಒರಿಜಿನಲ್ ಇದ್ರೆ ಕಳ್ಸು, ಸೀಟಿ ಕೆಳಗೆ ಹೆಸರು ಇದ್ದೇ ಇರುತ್ತೆ ಅಂತಿದಾಳೆ.

ಎಡಿಟಿಂಗ್‌ಟೇಬಲ್ ಅವ್ರೇ, ಹಳೇ ಹಾರ್ಡ್ ಡಿಸ್ಕ್ ಹುಡುಕ್ತಿದೀನಿ, ಸಿಕ್ಕಿದ ತಕ್ಷಣ ನಿಮಗೆ ಮೆಸೇಜ್ ಮಾಡ್ತೀನಿ. ಆ ಸೀಟಿ ತೆಗೆದುಕೊಡೋಕೆ ಆಗುತ್ತಾ?

ಎಡಿಟಿಂಗ್‌ಟೇಬಲ್:
ಕಳ್ಸಿ. ಸೀಟಿ ಒಂದೇ ಸ್ಥಾಯಿಯ ಸದ್ದು, ಮಾತಿನಿಂದ ಬೇರೆ ಮಾಡೋಕೆ ಪ್ರಯತ್ನ ಪಡ್ಬೋದು. ಈ ವಾರ ಬೇರೆ ಕೆಲ್ಸ ಬದಿಗಿಡ್ತೀನಿ.